90 ಮೈಕ್ರೋವೋಲ್ಟ್‌ನ ಮೆಟ್ಟಿಲು

ಸಿಡಿಯಲ್ಲಿರುವ ಹಾಡು ಅಂದರೆ ಸಂಖ್ಯೆಗಳ ಸಾಲು. ಸೆಕೆಂಡಿಗೆ 44,100 ಸಲ ಎಡಕ್ಕೊಂದು, ಬಲಕ್ಕೊಂದು ಸಂಖ್ಯೆ. ಒಂದೊಂದೂ 16 ಬಿಟ್. ಆ ಸಂಖ್ಯೆಯನ್ನು ವೋಲ್ಟೇಜ್ ಮಾಡಿ ಆಂಪ್ಲಿಫೈಯರ್‌ಗೆ ಕೊಡುವುದು ಡ್ಯಾಕ್‌ನ (ಡಿಜಿಟಲ್-ಟು-ಅನಲಾಗ್ ಕನ್ವರ್ಟರ್) ಕೆಲಸ. 16 ಬಿಟ್‌ಗೆ 65,536 ಮೆಟ್ಟಿಲು. ಡ್ಯಾಕ್‌ನ ಪೂರ್ತಿ ಔಟ್‌ಪುಟ್ 2.1 ವೋಲ್ಟ್ ಆರ್‌ಎಂಎಸ್ (ಅಲೆಯ ಒಂದು ಬಗೆಯ ಸರಾಸರಿ) ಎಂದಿಟ್ಟುಕೊಳ್ಳಿ. ಅಲೆಯ ಮೇಲಿನ ತುದಿಯಿಂದ ಕೆಳಗಿನ ತುದಿಗೆ 5.94 ವೋಲ್ಟ್ ಆಯಿತು. ಭಾಗಿಸಿ ನೋಡಿದರೆ ಒಂದು ಮೆಟ್ಟಿಲ ಎತ್ತರ ಸುಮಾರು 90 ಮೈಕ್ರೋವೋಲ್ಟ್.

24 ಬಿಟ್‌ಗೆ ಹೋದರೆ ಅದೇ ಮೆಟ್ಟಿಲು 0.35 ಮೈಕ್ರೋವೋಲ್ಟ್‌ಗೆ ಇಳಿಯುತ್ತದೆ. ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ 1 ಕಿಲೋಓಮ್ ರೆಸಿಸ್ಟರ್ ಕೂಡ ಕೋಣೆಯ ಬಿಸಿಗೇ 20 ಕಿಲೋಹರ್ಟ್ಸ್ ವ್ಯಾಪ್ತಿಯಲ್ಲಿ 0.57 ಮೈಕ್ರೋವೋಲ್ಟ್ ನಾಯ್ಸ್ ಹುಟ್ಟಿಸುತ್ತದೆ. ಹಾಗಾಗಿ ಡಬ್ಬಿಯ ಮೇಲೆ 32 ಬಿಟ್ ಅಂತ ಬರೆದಿದೆ ಎಂದು ಬೋರ್ಡ್ ಆರಿಸಬೇಡಿ. ಕೊನೆಯ ಬಿಟ್‌ಗಳನ್ನು ಯಾವ ಚಿಪ್ಪೂ ಕಿವಿಯವರೆಗೆ ತಲುಪಿಸುವುದಿಲ್ಲ. ಡ್ಯಾಕ್ ಕಟ್ಟಲು ಹೊರಟವರು ಚಿಪ್ ಆರಿಸುವುದಕ್ಕೆ ವಾರಗಟ್ಟಲೆ ಕಳೆಯುತ್ತಾರೆ, ಪವರ್ ಸಪ್ಲೈಗೆ ಅರ್ಧ ಗಂಟೆಯನ್ನೂ ಕೊಡುವುದಿಲ್ಲ. ಇದು ತಿರುಗುಮುರುಗಾಗಬೇಕು. ಈ ಬರಹವೆಲ್ಲ ಅದನ್ನೇ ಒಂದೊಂದಾಗಿ ಬಿಡಿಸಿ ಹೇಳುವುದಕ್ಕೆ.

ಉದಾಹರಣೆಗೆ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಪಿಸಿಎಂ5102ಎ ಚಿಪ್ಪನ್ನೇ ತೆಗೆದುಕೊಳ್ಳೋಣ. ನೇರಳೆ ಬಣ್ಣದ ಪುಟ್ಟ ಬೋರ್ಡಿನ ಮೇಲೆ ಬೆಸೆದ ರೂಪದಲ್ಲಿ ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆಯೂ ಕೇಳಬಹುದು, ಆನ್‌ಲೈನಿನಲ್ಲಂತೂ ಧಾರಾಳವಾಗಿ ಸಿಗುತ್ತದೆ. 3.3 ವೋಲ್ಟ್ ಒಂದೇ ಸಾಕು. ನೆಗೆಟಿವ್ ವೋಲ್ಟೇಜನ್ನು ಒಳಗಿನ ಚಾರ್ಜ್ ಪಂಪ್ ತಾನೇ ಮಾಡಿಕೊಳ್ಳುತ್ತದೆ. ಹಾಗಾಗಿ ಔಟ್‌ಪುಟ್ ಗ್ರೌಂಡನ್ನು ನಡುವೆ ಇಟ್ಟುಕೊಂಡೇ ಮೇಲೆ ಕೆಳಗೆ ಆಡುತ್ತದೆ, ಡಿಸಿ ತಡೆಯುವ ಕಪ್ಲಿಂಗ್ ಕೆಪಾಸಿಟರ್ ಬೇಕಿಲ್ಲ. ದುಬಾರಿ ಕಪ್ಲಿಂಗ್ ಕೆಪಾಸಿಟರ್ ಸೇರಿಸುವುದನ್ನೇ ಅಪ್‌ಗ್ರೇಡ್ ಎಂದು ಮಾರುವವರಿದ್ದಾರೆ. ಇಲ್ಲದ ತಡೆಯನ್ನು ದುಡ್ಡು ಕೊಟ್ಟು ತಂದು ಹಾಕಿದಂತೆ ಅದು. ಡೈನಾಮಿಕ್ ರೇಂಜ್, ಅಂದರೆ ಅತಿ ಜೋರು ಸದ್ದಿಗೂ ನಾಯ್ಸಿಗೂ ನಡುವಿನ ಅಂತರ, 112 ಡೆಸಿಬೆಲ್ ಎಂದು ಡೇಟಾಶೀಟ್ ಹೇಳುತ್ತದೆ. 2.1 ವೋಲ್ಟ್‌ಗೆ ಲೆಕ್ಕ ಹಾಕಿದರೆ ನಾಯ್ಸ್ ಸುಮಾರು 5 ಮೈಕ್ರೋವೋಲ್ಟ್. ಅಂದರೆ ಸಿಡಿಯ ಒಂದು ಮೆಟ್ಟಿಲಿಗಿಂತ ಎಷ್ಟೋ ಕೆಳಗೆ. ಇಷ್ಟು ಒಳ್ಳೆಯ ಚಿಪ್ಪು ಕೈಗೆ ಬಂದಮೇಲೆ ಉಳಿದ ಕೆಲಸವೆಲ್ಲ ಅದನ್ನು ಕೆಡಿಸದೆ ಕಾಪಾಡುವುದು.

ಸಂಖ್ಯೆಗಳನ್ನು ಕೊಡುವುದಕ್ಕೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ಫಿಲಿಪ್ಸ್ ಕಂಪನಿ 1986ರಲ್ಲಿ ಹೊರತಂದ ಐ2ಎಸ್ ಎಂಬ ಮೂರು ತಂತಿಯ ಪದ್ಧತಿಯಲ್ಲೇ ಇವತ್ತಿಗೂ ಪೈ ಮತ್ತು ಡ್ಯಾಕ್ ಮಾತಾಡುತ್ತವೆ. ಪೈನ 40 ಪಿನ್ನಿನ ಸಾಲಿನಲ್ಲಿ 12ನೇ ಪಿನ್ ಬಿಟ್ ಕ್ಲಾಕ್, ಅದು ಬೋರ್ಡಿನ ಬಿಸಿಕೆಗೆ. 35ನೇ ಪಿನ್ ಎಡಬಲ ಹೇಳುವ ಕ್ಲಾಕ್, ಅದು ಎಲ್‌ಸಿಕೆಗೆ. 40ನೇ ಪಿನ್ ಡೇಟಾ, ಅದು ಡಿಐಎನ್‌ಗೆ. ಗ್ರೌಂಡ್‌ಗೆ 39ನೇ ಪಿನ್ ಹತ್ತಿರದಲ್ಲೇ ಇದೆ. ಮೊದಲ ಸಲ ಬೋರ್ಡಿಗೆ 5 ವೋಲ್ಟನ್ನು 2ನೇ ಪಿನ್ನಿನಿಂದಲೇ ಕೊಡಿ, ಬೋರ್ಡಿನ ರೆಗ್ಯುಲೇಟರ್ ಅದನ್ನು 3.3ಕ್ಕೆ ಇಳಿಸಿಕೊಳ್ಳುತ್ತದೆ. ಸರಿಯಾಗಿ ಹಾಡಿದ ಮೇಲೆ ಅದನ್ನು ಬದಲಾಯಿಸೋಣ. ತಂತಿ 10 ಸೆಂಟಿಮೀಟರ್ ಮೀರದಿರಲಿ. ಬಿಟ್ ಕ್ಲಾಕ್ 2.8224 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಆದರೆ ಅದರ ಏರಿಳಿತದ ಅಂಚು ಅದಕ್ಕಿಂತ ಎಷ್ಟೋ ಚುರುಕು. ಉದ್ದ ತಂತಿಯಲ್ಲಿ ಆ ಅಂಚು ತೂಗಾಡಿ, ಒಂದು ಕ್ಲಾಕ್ ಎರಡಾಗಿ ಎಣಿಕೆಯಾಗುತ್ತದೆ. ಮೂರೂ ಸಿಗ್ನಲ್ ತಂತಿಗಳಿಗೆ ಪೈನ ಕಡೆಯ ತುದಿಯಲ್ಲಿ ಒಂದೊಂದು 33 ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿದರೆ ಆ ತೂಗಾಟ ಅಡಗುತ್ತದೆ.

ಈಗ ಹೊಸಬರಲ್ಲಿ ಹೆಚ್ಚಿನವರು ಸಿಕ್ಕಿಬೀಳುವ ಜಾಗ. ಬೋರ್ಡನ್ನು ಬೋರಲು ಹಾಕಿ ನೋಡಿ. ಬೆನ್ನಿನ ಮೇಲೆ 1ರಿಂದ 4ರವರೆಗೆ ನಾಲ್ಕು ಗುಂಪು, ಒಂದೊಂದರಲ್ಲೂ ಸಾಸಿವೆ ಗಾತ್ರದ ಮೂರು ಪ್ಯಾಡ್. ಒಂದು ತುದಿಗೆ ಎಚ್, ಇನ್ನೊಂದಕ್ಕೆ ಎಲ್ ಎಂದು ಬರೆದಿರುತ್ತದೆ. ನಡುವಿನ ಪ್ಯಾಡನ್ನು ಎಚ್ ಕಡೆಗೆ ಸೇರಿಸಿದರೆ 3.3 ವೋಲ್ಟ್, ಎಲ್ ಕಡೆಗೆ ಸೇರಿಸಿದರೆ ಗ್ರೌಂಡ್. ಎಷ್ಟೋ ಬೋರ್ಡುಗಳು ಇವನ್ನು ಬೆಸೆಯದೆ ಖಾಲಿ ಬಿಟ್ಟೇ ಬರುತ್ತವೆ. 1 ಫಿಲ್ಟರ್, ಅದು ಎಲ್. 2 ಡಿ-ಎಂಫಸಿಸ್, ಅದೂ ಎಲ್. 3 ಮ್ಯೂಟ್, ಅದು ಮಾತ್ರ ಎಚ್. ಇಲ್ಲಿ ಎಲ್ ಆದರೆ ಚಿಪ್ ಬಾಯಿ ಮುಚ್ಚಿಕೊಂಡೇ ಇರುತ್ತದೆ. 4 ಫಾರ್ಮ್ಯಾಟ್, ಅದು ಎಲ್. ಸಣ್ಣ ಮೊನೆಯ 25 ವ್ಯಾಟ್ ಐರನ್, 0.5 ಮಿಲಿಮೀಟರ್ ಸೋಲ್ಡರ್, ಕೊಂಚ ಫ್ಲಕ್ಸ್ ಇದ್ದರೆ ಕೆಲಸ ಸಲೀಸು. ಮೊದಲು ಎರಡೂ ಪ್ಯಾಡಿಗೆ ತೆಳುವಾಗಿ ಸೋಲ್ಡರ್ ಹತ್ತಿಸಿ, ಆಮೇಲೆ ಐರನ್ನಿನ ಮೊನೆಯನ್ನು ಎರಡರ ನಡುವೆ ಇಟ್ಟು ಒಂದು ಹನಿ ಕೊಡಿ. ಹನಿ ತಾನಾಗಿ ಎರಡನ್ನೂ ಹಿಡಿದುಕೊಂಡು ಹೊಳೆಯುತ್ತದೆ. ಹೆಚ್ಚಾಗಿ ಮೂರೂ ಪ್ಯಾಡ್ ಸೇರಿಬಿಟ್ಟರೆ 3.3 ವೋಲ್ಟ್ ನೇರ ಗ್ರೌಂಡಿಗೆ ಬಿದ್ದು ಬೋರ್ಡಿನ ರೆಗ್ಯುಲೇಟರ್ ಮುಟ್ಟಲಾಗದಷ್ಟು ಕಾಯುತ್ತದೆ. ಕರೆಂಟು ಕೊಡುವ ಮೊದಲು ಮಲ್ಟಿಮೀಟರಿನ ಬೀಪ್ ಇಟ್ಟು 3.3 ವೋಲ್ಟ್ ಮತ್ತು ಗ್ರೌಂಡ್ ನಡುವೆ ಒಮ್ಮೆ ನೋಡಿಬಿಡಿ.

ಇನ್ನೊಂದು ಸೇತುವೆ ಬೋರ್ಡಿನ ಮುಂಬದಿಯಲ್ಲಿದೆ, ಎಸ್‌ಸಿಕೆ ಎಂದು ಬರೆದ ಜಾಗದಲ್ಲಿ. ಈ ಚಿಪ್ಪಿಗೆ ಮಾಸ್ಟರ್ ಕ್ಲಾಕ್ ಕೊಡಲೇಬೇಕೆಂದಿಲ್ಲ. ಎಸ್‌ಸಿಕೆ ಪಿನ್ನು ಗ್ರೌಂಡಿಗೆ ಸೇರಿದೆ ಎಂದು ಗೊತ್ತಾದ ಕೂಡಲೇ ಬಿಟ್ ಕ್ಲಾಕನ್ನೇ ಹಿಡಿದು ಒಳಗಿನ ಪಿಎಲ್‌ಎಲ್ ಮೂಲಕ ತನಗೆ ಬೇಕಾದ ಕ್ಲಾಕನ್ನು ಮಾಡಿಕೊಳ್ಳುತ್ತದೆ. ಖಾಲಿ ಬಿಟ್ಟರೆ ಆ ಪಿನ್ನು ಆಂಟೆನಾ ಆಗುತ್ತದೆ. ಆಗ ಹಾಡು ಬಂದೂ ಬಾರದಂತೆ, ಕೈ ಹತ್ತಿರ ತಂದರೆ ಸರಿಯಾದಂತೆ, ತೆಗೆದರೆ ಚರಚರ ಎಂದಂತೆ ಆಡುತ್ತದೆ. ಈ ಲಕ್ಷಣ ಕಂಡರೆ ಬೇರೇನನ್ನೂ ಹುಡುಕಬೇಡಿ, ಮೊದಲು ಎಸ್‌ಸಿಕೆ ನೋಡಿ. ಪೂರ್ತಿ ನಿಶ್ಶಬ್ದವಾಗಿದ್ದರೆ ಮ್ಯೂಟ್ ಜಂಪರ್, ಇಲ್ಲವೇ ಬಿಸಿಕೆ-ಎಲ್‌ಸಿಕೆ ಅದಲು ಬದಲು. ಹಾಡು ಗುರುತು ಸಿಗುತ್ತದೆ ಆದರೆ ಹರಿದ ಸ್ಪೀಕರಿನಂತೆ ಕರ್ಕಶ ಎಂದಾದರೆ ಫಾರ್ಮ್ಯಾಟ್ ಜಂಪರ್ ಎಚ್ ಕಡೆಗಿದೆ. ಡೇಟಾ ಒಂದು ಬಿಟ್ ಜಾರಿ ಧನ ಋಣಗಳ ಗುರುತೇ ತಪ್ಪಿದೆ.

ಸಾಫ್ಟ್‌ವೇರ್ ಕೆಲಸ ಚಿಕ್ಕದು. ಬೂಟ್ ಫೋಲ್ಡರಿನ ಕಾನ್ಫಿಗ್ ಕಡತದಲ್ಲಿ (ಬುಕ್‌ವರ್ಮ್ ಆವೃತ್ತಿಯಿಂದ ಅದು ಬೂಟ್ ಒಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿದೆ) ಪೈನ ಸ್ವಂತ ಆಡಿಯೋ ಆನ್ ಮಾಡುವ ಸಾಲಿನ ಮುಂದೆ ಹ್ಯಾಶ್ ಹಾಕಿ, ಯಾವ ಡ್ಯಾಕ್ ಇದೆ ಎಂದು ಪೈಗೆ ಹೇಳುವ ಹೈಫೈಬೆರಿ-ಡ್ಯಾಕ್ ಓವರ್‌ಲೇ ಸಾಲು ಸೇರಿಸಿ ರೀಬೂಟ್ ಮಾಡಿ. ಗಮನಿಸಬೇಕಾದ್ದು ಇನ್ನೊಂದಿದೆ. ಡೆಸ್ಕ್‌ಟಾಪಿನಲ್ಲಿ ಸದ್ದನ್ನು ನಿಭಾಯಿಸುವ ಪೈಪ್‌ವೈರ್ ಎಂಬ ಸಾಫ್ಟ್‌ವೇರ್ ಸಾಮಾನ್ಯವಾಗಿ ಎಲ್ಲವನ್ನೂ 48 ಕಿಲೋಹರ್ಟ್ಸ್‌ಗೆ ತಿರುಗಿಸಿ ಕಳಿಸುತ್ತದೆ. ಹಾಡು ಓಡುತ್ತಿರುವಾಗಲೇ ಪ್ರಾಕ್ ಫೋಲ್ಡರಿನ ಎಸೌಂಡ್ ಒಳಗೆ ಆ ಕಾರ್ಡಿನ ಎಚ್‌ಡಬ್ಲ್ಯೂ-ಪ್ಯಾರಮ್ಸ್ ಕಡತ ತೆರೆದರೆ ನಿಜವಾದ ರೇಟ್ ಕಾಣುತ್ತದೆ. ಸಿಡಿ ಹಾಡಿಗೆ 44100 ಎಂದೇ ಇರಬೇಕು.

ಹಾಡು ಬಂತು. ಇನ್ನು ಮೌನವನ್ನು ಕೇಳಬೇಕು. ಪ್ಲೇಯರ್ ನಿಲ್ಲಿಸಿ ಆಂಪ್ಲಿಫೈಯರಿನ ವಾಲ್ಯೂಮ್ ನಿಧಾನಕ್ಕೆ ಏರಿಸಿ. ಮಂದ್ರದಲ್ಲಿ ಗುಂಯ್ ಎಂದು ತುಂಬಿದ ಸದ್ದು ಬಂದರೆ ಅದು 50 ಹರ್ಟ್ಸ್: ಗ್ರೌಂಡ್ ಲೂಪ್ (ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಆದ ಸುತ್ತು), ಇಲ್ಲವೇ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ತಂತಿಗೆ ಹತ್ತಿದ್ದು. ಅದಕ್ಕಿಂತ ಮೊನಚಾಗಿ, ದುಂಬಿಯಂತೆ ಝೇಂಕರಿಸಿದರೆ 100 ಹರ್ಟ್ಸ್: ರೆಕ್ಟಿಫೈಯರಿನ ರಿಪಲ್, ಅಂದರೆ ಎಸಿಯನ್ನು ಡಿಸಿ ಮಾಡಿದ ಮೇಲೂ ಉಳಿದ ಅಲೆ. ಚಿರಿಚಿರಿ, ಮೌಸ್ ಆಡಿಸಿದಾಗ ಬದಲಾಗುವ ಸದ್ದಾದರೆ ಪೈನ 5 ವೋಲ್ಟ್ ಲೈನಿನಿಂದ ಬಂದ ಕಸ. ಪೈಗೆ ಅಡಾಪ್ಟರ್ ತೆಗೆದು ಮೊಬೈಲಿನ ಪವರ್ ಬ್ಯಾಂಕ್ ಹಾಕಿ ನೋಡುವುದು ಖರ್ಚಿಲ್ಲದ, ಆದರೆ ತುಂಬ ಹೇಳುವ ಪರೀಕ್ಷೆ. ಗುಂಯ್ ನಿಂತರೆ ತಪ್ಪು ಅಡಾಪ್ಟರಿನ ದಾರಿಯದು, ಡ್ಯಾಕ್‌ನದ್ದಲ್ಲ. ಆದರೆ ಗುಂಯ್ ನಿಲ್ಲಿಸಲೆಂದು ಆಂಪ್ಲಿಫೈಯರಿನ ಮೂರು ಪಿನ್ ಪ್ಲಗ್‌ನಿಂದ ಅರ್ಥ್ ಪಿನ್ ಕಿತ್ತುಹಾಕಬೇಡಿ. ಆ ಪಿನ್ ಇರುವುದು ಸದ್ದಿಗಲ್ಲ, ಜೀವಕ್ಕೆ.

ಮೊದಲ ನಿಜವಾದ ಅಪ್‌ಗ್ರೇಡ್ ಎಂದರೆ ಡ್ಯಾಕ್‌ಗೆ ಪೈನಿಂದ ಬೇರೆಯಾದ, ಸ್ವಂತ ಲೀನಿಯರ್ ಸಪ್ಲೈ. ಬೋರ್ಡಿಗೆ ಬೇಕಾದ್ದು ಹತ್ತಾರು ಮಿಲಿಆಂಪ್ ಅಷ್ಟೇ. 50 ಎಂದು ಲೆಕ್ಕ ಹಿಡಿದರೆ ಧಾರಾಳ. 9 ವೋಲ್ಟ್ 500 ಮಿಲಿಆಂಪ್ ಟ್ರಾನ್ಸ್‌ಫಾರ್ಮರ್, ನಾಲ್ಕು 1ಎನ್5819 ಶಾಟ್ಕಿ ಡಯೋಡ್, 2200 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್, ಒಂದು 7805 (5 ವೋಲ್ಟ್ ರೆಗ್ಯುಲೇಟರ್), ಅದರ ಇನ್‌ಪುಟ್ಟಿಗೆ 0.33, ಔಟ್‌ಪುಟ್ಟಿಗೆ 0.1 ಮೈಕ್ರೋಫ್ಯಾರಡ್, ಕಾಲಿಗೆ ತಾಗಿಸಿಯೇ. ಎಲ್ಲರ ಬಳಿಯೂ ಇರುವ 1ಎನ್4007 ಹಾಕಿದರೂ ನಡೆಯುತ್ತದೆ, ಆದರೆ ಅದು ಮುಚ್ಚಿಕೊಳ್ಳುವಾಗ ತಡಮಾಡಿ ಟ್ರಾನ್ಸ್‌ಫಾರ್ಮರನ್ನು ಕಿಣಿಕಿಣಿ ಅನ್ನಿಸುತ್ತದೆ. 4007ನ್ನೇ ಹಾಕುವುದಾದರೆ ಸೆಕೆಂಡರಿಗೆ ಅಡ್ಡಲಾಗಿ 0.1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಸೇರಿಸಿ.

5 ವೋಲ್ಟ್ ಬೇಕಾದರೆ 6 ವೋಲ್ಟ್ ಟ್ರಾನ್ಸ್‌ಫಾರ್ಮರ್ ಸಾಲದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಲೈನಿನಲ್ಲಿ 230 ಇದ್ದಾಗ ಸಾಲುತ್ತದೆ. ಆದರೆ ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ಹಳ್ಳಿಯ ಲೈನು 190ಕ್ಕೆ ಇಳಿಯುವುದು ಹೊಸದಲ್ಲ. ಆಗ 6 ವೋಲ್ಟ್ 5ಕ್ಕೆ ಇಳಿದು, ಶಿಖರ 7 ಆಗಿ, ಎರಡು ಡಯೋಡು ತಮ್ಮ ಪಾಲು ತಿಂದ ಮೇಲೆ ಉಳಿಯುವುದು ಸುಮಾರು 6. 7805 ನೆಟ್ಟಗೆ ನಿಲ್ಲಲು ಸುಮಾರು 7 ಬೇಕು. ಹಗಲೆಲ್ಲ ಚೆನ್ನಾಗಿ ಹಾಡಿ ಸಂಜೆಗೆ ಝೇಂಕರಿಸುವ ಡ್ಯಾಕ್‌ನ ಗುಟ್ಟು ಇದೇ. 9 ವೋಲ್ಟಿನದಾದರೆ 190ರಲ್ಲೂ 9 ವೋಲ್ಟಿನ ಮೇಲೆ ಡಿಸಿ ಸಿಗುತ್ತದೆ. ಕೆಪಾಸಿಟರ್ 25 ವೋಲ್ಟಿನದೇ ಯಾಕೆ ಎಂದರೆ, ಸಣ್ಣ ಟ್ರಾನ್ಸ್‌ಫಾರ್ಮರ್ ಹೊರೆಯಿಲ್ಲದಾಗ 9ರ ಬದಲು 11 ಕೊಡುತ್ತದೆ, ಲೈನು 250ಕ್ಕೆ ಏರಿದರೆ ಶಿಖರ 17ರ ಹತ್ತಿರ ಹೋಗುತ್ತದೆ. 16 ವೋಲ್ಟಿನ ಕೆಪಾಸಿಟರ್ ಅಂಥ ರಾತ್ರಿ ಉಬ್ಬುತ್ತದೆ.

ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ ಫ್ಯೂಸ್, ಬೆಸೆದ ಜಾಗಕ್ಕೆಲ್ಲ ಹೀಟ್ ಶ್ರಿಂಕ್ ತೋಳು, ಲೋಹದ ಡಬ್ಬಿಯಾದರೆ ಡಬ್ಬಿಗೆ ಅರ್ಥ್. 230 ವೋಲ್ಟಿನ ಕೆಲಸ ಮೊದಲ ಸಲ ಮಾಡುವವರು ಬಲ್ಲವರನ್ನು ಪಕ್ಕದಲ್ಲಿಟ್ಟುಕೊಂಡೇ ಮಾಡಿ.

ಇದರ ಮುಂದಿನ ಹಂತ 3.3 ವೋಲ್ಟಿನದು. ಎಲ್‌ಎಂ317 ಎಂಬ ಹಳೆಯ ರೆಗ್ಯುಲೇಟರಿನ ನಾಯ್ಸ್ ಔಟ್‌ಪುಟ್ಟಿನ ಶೇ. 0.003 ಎಂದು ಡೇಟಾಶೀಟ್ ಹೇಳುತ್ತದೆ. 3.3 ವೋಲ್ಟಿಗೆ ಅದು ಸುಮಾರು 100 ಮೈಕ್ರೋವೋಲ್ಟ್, ನಮ್ಮ ಒಂದು ಮೆಟ್ಟಿಲಿಗಿಂತ ತುಸು ಹೆಚ್ಚು. ಇದೆಲ್ಲ ನೇರವಾಗಿ ಔಟ್‌ಪುಟ್ಟಿಗೆ ಬರುವುದಿಲ್ಲ, ಬಹುಪಾಲನ್ನು ಚಿಪ್ ತಡೆಯುತ್ತದೆ. ಆದರೂ ಎಲ್‌ಟಿ3045 ಎಂಬ ರೆಗ್ಯುಲೇಟರ್ 10 ಹರ್ಟ್ಸ್‌ನಿಂದ 100 ಕಿಲೋಹರ್ಟ್ಸ್‌ವರೆಗೆ ಬರೀ 0.8 ಮೈಕ್ರೋವೋಲ್ಟ್ ನಾಯ್ಸ್ ಕೊಡುವಾಗ, ತಡೆಯುವ ಕೆಲಸವನ್ನು ಚಿಪ್ಪಿನ ಮೇಲೆ ಯಾಕೆ ಹೊರಿಸಬೇಕು? ಇದರ ಸೆಟ್ ಪಿನ್ನಿನಿಂದ 100 ಮೈಕ್ರೋಆಂಪ್ ಹೊರಡುತ್ತದೆ, 33 ಕಿಲೋಓಮ್ ಹಾಕಿದರೆ 3.3 ವೋಲ್ಟ್, ಆ ರೆಸಿಸ್ಟರಿಗೆ ಸಮಾಂತರವಾಗಿ 4.7 ಮೈಕ್ರೋಫ್ಯಾರಡ್ ಇದ್ದರೆ ಮಾತ್ರ 0.8ರ ಮಾತು ನಿಜ. ಔಟ್‌ಪುಟ್ಟಿಗೆ 10 ಮೈಕ್ರೋಫ್ಯಾರಡ್ ಸೆರಾಮಿಕ್, ಎಕ್ಸ್7ಆರ್ ಜಾತಿಯದು. ವೈ5ವಿ ಜಾತಿಯದು ಬೇಡ. ಬಿಸಿಗೆ, ವೋಲ್ಟೇಜಿಗೆ ಅದರ ಮೌಲ್ಯದ ದೊಡ್ಡ ಪಾಲು ಕರಗಿಹೋಗುತ್ತದೆ. ಚಿಪ್ಪಿನ ಹೊಟ್ಟೆಯಡಿಯೂ ಒಂದು ಪ್ಯಾಡ್ ಇರುವುದರಿಂದ ಕೈಯಲ್ಲಿ ಬೆಸೆಯುವ ಹಟ ಬೇಡ, ಸಿದ್ಧ ಮಾಡ್ಯೂಲೇ ಕೊಳ್ಳಿ. 7805ರ 5 ವೋಲ್ಟನ್ನು ಇದಕ್ಕೆ ಕೊಟ್ಟು, ಇದರ 3.3 ವೋಲ್ಟನ್ನು ಡ್ಯಾಕ್ ಬೋರ್ಡಿನ ರೆಗ್ಯುಲೇಟರ್ ತೆಗೆದುಹಾಕಿ ಅದರ ಔಟ್‌ಪುಟ್ ಪ್ಯಾಡಿಗೆ ಬೆಸೆಯಬೇಕು. ತಂತಿ ಗಿಡ್ಡವಾಗಿರಲಿ, ಗ್ರೌಂಡ್ ತಂತಿ ಅದರ ಜೊತೆಗೇ ಹೆಣೆದುಕೊಂಡು ಹೋಗಲಿ.

ಸಪ್ಲೈ ಬೇರೆಯಾದ ಮೇಲೆ ಹೊಸದೊಂದು ತೊಡಕು ಹುಟ್ಟುತ್ತದೆ. ಪೈ ಆನ್ ಇದ್ದು ಡ್ಯಾಕ್ ಆಫ್ ಇದ್ದರೆ ಐ2ಎಸ್ ತಂತಿಗಳ ಮೂಲಕವೇ ಚಿಪ್ಪಿನ ಒಳಕ್ಕೆ ಕರೆಂಟು ನುಗ್ಗಿ ಅದು ಅರೆಜೀವವಾಗಿ ನಿಲ್ಲುತ್ತದೆ. ಹಾಗಾಗಿ ಮೊದಲು ಡ್ಯಾಕ್ ಆನ್, ಆಮೇಲೆ ಪೈ. ಆಫ್ ಮಾಡುವಾಗ ಮೊದಲು ಪೈ. ಮೊದಲೇ ಹಾಕಿದ 33 ಓಮ್ ರೆಸಿಸ್ಟರುಗಳು ಇಲ್ಲೂ ಅಷ್ಟಿಷ್ಟು ಕಾಯುತ್ತವೆ.

ಎರಡನೆಯ ಅಪ್‌ಗ್ರೇಡ್ ಕ್ಲಾಕ್. ಆಡಿಯೋಗೆ ಒಗ್ಗುವ ಕ್ಲಾಕ್‌ಗಳು ಎರಡು: 44.1ರ ಕುಟುಂಬಕ್ಕೆ 22.5792 ಮೆಗಾಹರ್ಟ್ಸ್, 48ರ ಕುಟುಂಬಕ್ಕೆ 24.576. ಎರಡೂ ಆಯಾ ರೇಟಿನ 512 ಪಟ್ಟು. ಪೈ 3ರ ಹರಳು 19.2 ಮೆಗಾಹರ್ಟ್ಸ್, ಪೈ 4ರದ್ದು 54. 19.2ನ್ನು 2.8224ರಿಂದ ಭಾಗಿಸಿದರೆ 6.80. ಪೂರ್ಣಾಂಕವಲ್ಲ. ಒಳಗೆ ಬೇರೆ ಹೆಚ್ಚಿನ ಕ್ಲಾಕ್ ಮಾಡಿಕೊಂಡು ಭಾಗಿಸಿದರೂ ಅದೇ ಕಥೆ. ಹಾಗಾಗಿ ಪೈ ಒಮ್ಮೆ ಕಡಿಮೆ ಎಣಿಸಿ, ಒಮ್ಮೆ ಹೆಚ್ಚು ಎಣಿಸಿ ಸರಾಸರಿಯನ್ನು ಸರಿದೂಗಿಸುತ್ತದೆ. ತಾಳ ಒಟ್ಟಿನಲ್ಲಿ ತಪ್ಪುವುದಿಲ್ಲ, ಆದರೆ ಒಂದೊಂದು ಪೆಟ್ಟೂ ಕೂದಲೆಳೆಯಷ್ಟು ಹಿಂದೆ ಮುಂದೆ ಬೀಳುತ್ತದೆ. ಜಿಟ್ಟರ್ ಎನ್ನುವುದು ಇದನ್ನೇ. 20 ಕಿಲೋಹರ್ಟ್ಸ್‌ನ ಪೂರ್ಣ ಸದ್ದಿನಲ್ಲಿ ಅರ್ಧ ಮೆಟ್ಟಿಲಿಗಿಂತ ಕಡಿಮೆ ತಪ್ಪು ಬೇಕೆಂದರೆ ಪೆಟ್ಟು 121 ಪೈಕೋಸೆಕೆಂಡಿಗಿಂತ ಹೆಚ್ಚು ಅಲುಗಬಾರದು. ಅದು ಅತಿ ಕಠಿಣ ಸಂದರ್ಭದ ಲೆಕ್ಕ. ಕಂಠ, ವೀಣೆಗಳಲ್ಲಿ ಅಷ್ಟು ಎತ್ತರದ ಸ್ವರ ಅಷ್ಟು ಜೋರಾಗಿ ಇರುವುದೇ ಇಲ್ಲ. ಪಿಸಿಎಂ5102ಎಯ ಪಿಎಲ್‌ಎಲ್ ಅಲುಗಾಟವನ್ನು ಒಂದಿಷ್ಟು ನಯಗೊಳಿಸುತ್ತದೆ, ಪೂರ್ತಿ ಅಲ್ಲ.

ಸರಿಯಾದ ಪರಿಹಾರ ಯಜಮಾನಿಕೆಯನ್ನೇ ಬದಲಿಸುವುದು. ಪಿಸಿಎಂ5122 ಚಿಪ್ಪು ಮತ್ತು ಎರಡು ಆಸಿಲೇಟರ್ ಇರುವ ಬೋರ್ಡುಗಳು ಬರುತ್ತವೆ. ಅಲ್ಲಿ ಡ್ಯಾಕ್ ತಾನೇ ಬಿಟ್ ಕ್ಲಾಕನ್ನು ಹುಟ್ಟಿಸಿ ಪೈಗೆ ಕಳಿಸುತ್ತದೆ, ಪೈ ಅದಕ್ಕೆ ಹೆಜ್ಜೆ ಹಾಕುತ್ತದೆ. ಓವರ್‌ಲೇ ಹೆಸರೂ ಬೇರೆ, ಹೈಫೈಬೆರಿ-ಡ್ಯಾಕ್‌ಪ್ಲಸ್. ಯುಎಸ್‌ಬಿ ದಾರಿ ಹಿಡಿಯುವವರಿಗೆ ಎಕ್ಸ್‌ಮಾಸ್ ಚಿಪ್ಪಿನ ಯುಎಸ್‌ಬಿ-ಐ2ಎಸ್ ಬೋರ್ಡ್ ಇದೆ. ಅಸಿಂಕ್ರೊನಸ್ ಪದ್ಧತಿಯಲ್ಲಿ ಅದೇ ತನ್ನ ಹರಳಿನ ಲೆಕ್ಕದಲ್ಲಿ ಕಂಪ್ಯೂಟರಿನಿಂದ ಡೇಟಾ ಕೇಳಿ ತರಿಸಿಕೊಳ್ಳುತ್ತದೆ. ಪೈ ಮತ್ತು ಡ್ಯಾಕ್ ನಡುವೆ ಮೂಲ ಕ್ಲಾಕನ್ನು ಹಾಗೇ ಬಿಟ್ಟು ಬರೀ ಐಸೊಲೇಟರ್ ಚಿಪ್ ಸೇರಿಸಿದರೆ ಗ್ರೌಂಡ್ ಬೇರೆಯಾಗುತ್ತದೆ, ನಿಜ, ಆದರೆ ಐಸೊಲೇಟರ್ ತನ್ನದೇ ಅಲುಗಾಟವನ್ನೂ ಸೇರಿಸುತ್ತದೆ. ಅದರ ಆಚೆ ಹೊಸ ಕ್ಲಾಕ್ ಇಲ್ಲದೆ ಐಸೊಲೇಟರ್ ಒಂದೇ ಅರ್ಧ ಕೆಲಸ.

ಔಟ್‌ಪುಟ್ ಕಡೆ ಹೇಳುವುದು ಕಡಿಮೆ. ಬೋರ್ಡಿನಲ್ಲಿ 470 ಓಮ್ ಮತ್ತು 2.2 ನ್ಯಾನೋಫ್ಯಾರಡ್ ಫಿಲ್ಟರ್ ಇದೆ, 154 ಕಿಲೋಹರ್ಟ್ಸ್‌ನಿಂದ ಕತ್ತರಿಸುತ್ತದೆ. ಆ ಕೆಪಾಸಿಟರನ್ನು ಸಿ0ಜಿ ಜಾತಿಯದಕ್ಕೆ ಬದಲಾಯಿಸಬಹುದು, ಒಳ್ಳೆಯದೇ. ಆದರೆ ಕೇಳುವ ವ್ಯಾಪ್ತಿಯಲ್ಲಿ ಅದರ ಪಾತ್ರವೇ ಕಡಿಮೆಯಾದ್ದರಿಂದ ದೊಡ್ಡ ವ್ಯತ್ಯಾಸ ನಿರೀಕ್ಷಿಸಬೇಡಿ. ಹೆಡ್‌ಫೋನನ್ನು ನೇರ ಚುಚ್ಚಬೇಡಿ. ಚಿಪ್ಪಿಗೆ ಕನಿಷ್ಠ 1 ಕಿಲೋಓಮ್ ಹೊರೆ ಬೇಕು, ಮೇಲೆ 470 ಓಮ್ ಅಡ್ಡ ಇರುವಾಗ 32 ಓಮ್ ಹೆಡ್‌ಫೋನಿಗೆ ತಲುಪುವುದು 0.13 ವೋಲ್ಟ್ ಮಾತ್ರ.

ಇಷ್ಟೆಲ್ಲ ಆದ ಮೇಲೆ ಬೇಕಾದರೆ ದೊಡ್ಡ ಚಿಪ್ಪಿನ ಮಾತು. ಪಿಸಿಎಂ1794ಎ ವೋಲ್ಟೇಜ್ ಕೊಡುವುದಿಲ್ಲ, ಒಂದೊಂದು ಔಟ್‌ಪುಟ್ಟಿನಲ್ಲೂ 7.8 ಮಿಲಿಆಂಪ್ ಏರಿಳಿತದ ಕರೆಂಟು ಕೊಡುತ್ತದೆ. ಅದನ್ನು ವೋಲ್ಟೇಜ್ ಮಾಡಲು ಎನ್‌ಇ5534ರಂಥ ಆಪ್-ಆಂಪ್‌ಗಳು, ಅವಕ್ಕೆ ಪ್ಲಸ್ ಮೈನಸ್ ಸಪ್ಲೈ, ಜೊತೆಗೆ ಮಾಸ್ಟರ್ ಕ್ಲಾಕ್ ಕಡ್ಡಾಯ. ಸಪ್ಲೈ ಮತ್ತು ಕ್ಲಾಕಿನ ಪಾಠ ಮುಗಿಸದೆ ಇಲ್ಲಿಗೆ ಬಂದವರ ಬೋರ್ಡು ಪಿಸಿಎಂ5102ಎಗಿಂತ ಕೆಟ್ಟದಾಗಿ ಹಾಡುತ್ತದೆ. ಹಳೆಯ ಫಿಲಿಪ್ಸ್ ಟಿಡಿಎ1541ಎ ಮೇಲೆ ಪ್ರೀತಿ ಇರುವವರಿಗೆ ಒಂದು ಎಚ್ಚರಿಕೆ: ಅದಕ್ಕೆ ಪ್ಲಸ್ 5, ಮೈನಸ್ 5, ಮೈನಸ್ 15 ಎಂದು ಮೂರು ಸಪ್ಲೈ, ಸುತ್ತ 0.1 ಮೈಕ್ರೋಫ್ಯಾರಡಿನ 14 ಕೆಪಾಸಿಟರ್ ಬೇಕು. ಆ ಚಿಪ್ಪು ತಯಾರಾಗುವುದು ನಿಂತು ಎಷ್ಟೋ ಕಾಲವಾಗಿದೆ. ಆಯ್ದ ಚಿಪ್ಪುಗಳಿಗಷ್ಟೇ ಇದ್ದ ಕಿರೀಟದ ಗುರುತನ್ನು ಮೇಲೆ ಅಚ್ಚೊತ್ತಿದ ನಕಲಿಗಳೇ ಮಾರುಕಟ್ಟೆಯಲ್ಲಿ ಓಡಾಡುತ್ತಿವೆ.

ಬದಲಾವಣೆ ಕಿವಿಗೆ ಗೊತ್ತಾಗುತ್ತದೆಯೇ ಎಂದು ನೋಡಲು ತಂಬೂರಿಯಷ್ಟು ಒಳ್ಳೆಯ ಪರೀಕ್ಷೆ ಇಲ್ಲ. ಮೀಟಿದ ತಂತಿಯ ಜವಾರಿ (ಗುಂಗುಡುವ ನಾದ) ನಿಧಾನಕ್ಕೆ ಕರಗಿ ಮೌನಕ್ಕೆ ಸೇರುವ ಆ ಕೊನೆಯ ಎರಡು ಸೆಕೆಂಡು ಕೇಳಿ. ಸಪ್ಲೈ ಕೊಳಕಾಗಿದ್ದರೆ ನಾದ ಕರಗುವುದಿಲ್ಲ, ಮುಳುಗುತ್ತದೆ. ಆದರೆ ಎರಡು ಡ್ಯಾಕ್ ಹೋಲಿಸುವಾಗ ಮೊದಲು ಸದ್ದಿನ ಮಟ್ಟ ಸಮ ಮಾಡಿಕೊಳ್ಳಿ. ತುಸು ಜೋರಾದದ್ದೇ ಕಿವಿಗೆ ಚೆಂದ ಅನ್ನಿಸುತ್ತದೆ. 0.1 ಡೆಸಿಬೆಲ್ ಒಳಗೆ ಇರಬೇಕೆಂದರೆ 2.1 ವೋಲ್ಟಿಗೆ 24 ಮಿಲಿವೋಲ್ಟಿನ ವ್ಯತ್ಯಾಸ ಮಾತ್ರ. 200 ಹರ್ಟ್ಸ್ ಟೋನ್ ಓಡಿಸಿ ಅಳೆಯಿರಿ. ಅಗ್ಗದ ಮೀಟರುಗಳು 400 ಹರ್ಟ್ಸ್ ದಾಟಿದರೆ ತಪ್ಪು ಹೇಳುತ್ತವೆ. ಹಳದಿ ಡಿಟಿ-830 ಮೀಟರಿನಲ್ಲಿ ಎಸಿಯ ಅತಿ ಕೆಳಗಿನ ರೇಂಜೇ 200 ವೋಲ್ಟ್, ಅದು ಈ ಕೆಲಸಕ್ಕೆ ಆಗುವುದಿಲ್ಲ. ರಿಪಲ್ ನೋಡಲೂ ಆಗುವುದಿಲ್ಲ. ಅದರ ಬದಲು ಡ್ಯಾಕ್‌ನ ಔಟ್‌ಪುಟ್ಟನ್ನು ಯುಎಸ್‌ಬಿ ಸೌಂಡ್ ಕಾರ್ಡಿನ ಲೈನ್-ಇನ್‌ಗೆ ಕೊಟ್ಟು, ಪ್ಲೇಯರ್ ನಿಲ್ಲಿಸಿ 30 ಸೆಕೆಂಡು ರೆಕಾರ್ಡ್ ಮಾಡಿ, ಆಡಾಸಿಟಿ ಎಂಬ ಆಡಿಯೋ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರಮ್ ತೆರೆಯಿರಿ. 50, 100, 150ರಲ್ಲಿ ಎದ್ದ ಗೂಟಗಳ ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು, ಕೆಳಗೆ ಚಿಪ್ಪಿನ 5ನೇ ಪಿನ್ನಿನ ವೋಲ್ಟೇಜ್ (ಮೈನಸ್ 3.3ರ ಆಸುಪಾಸು), ಎರಡೂ ಚಾನೆಲಿನ ಔಟ್‌ಪುಟ್ ಡಿಸಿ (5 ಮಿಲಿವೋಲ್ಟಿನ ಒಳಗೆ) ಸೇರಿಸಿ, ತಾರೀಕು ಹಾಕಿ ಡಬ್ಬಿಯ ಮುಚ್ಚಳದ ಒಳಬದಿಗೆ ಅಂಟಿಸಿಡಿ. ಎರಡು ವರ್ಷದ ಮೇಲೆ ಗುಂಯ್ ಎಂದಾಗ ಮೊದಲು ತೆರೆದು ಓದುವುದು ಆ ಚೀಟಿಯನ್ನೇ.